ಕೆಂಪು ಕಿವಿಯ ಬೀಜ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಕ್ಕಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹನ್ನೊಂದು ತಿಂಗಳ ಹಿಂದಿನ ಕೆಮ್ಮನ್ನು ಈಗ ವಿಚಾರಿಸುವುದು ನಗೆಪಾಟಲು ಎಂದು ಗೊತ್ತು, ಆದರೆ ನನ್ನ ಬಳಿ ಇರುವ ನಿನ್ನ ಕೊನೆಯ ಸುದ್ದಿ ಅದೊಂದೇ. ವಿಳಾಸವನ್ನು ನಿನ್ನ ಸೋದರತ್ತೆಯಿಂದ ಕಾಡಿಬೇಡಿ ಪಡೆದೆ. ನಾನು ಚೆನ್ನಾಗಿದ್ದೇನೆ; ಮೆಟ್ಟಿಲು ಇಳಿಯುವಾಗ ಬಲಮೊಣಕಾಲು ಮಾತ್ರ ತಕರಾರು ತೆಗೆಯುತ್ತದೆ. ನಿನ್ನಮ್ಮನಿಗೆ ಹೊಸ ಕನ್ನಡಕ ಬಂದ ಮೇಲೆ ಮನೆಯಲ್ಲಿ ಧೂಳೂ ನಾನೂ ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತಿದ್ದೇವೆ. ಬೇಕರಿ ನಡೆಯುತ್ತಿದೆ. ನೀನು ಬೇರೆ ಊರಿನ ಕೆಲಸ ಹಿಡಿದು ಹೋದ ಮೇಲೆ ಕೌಂಟರಿಗೆ ಒಬ್ಬಳನ್ನು ಇಟ್ಟುಕೊಂಡಿದ್ದೇನೆ. ನಾನು ಏನು ಹೇಳಿದರೂ ‘ಆಯ್ತು ಸರ್’ ಎನ್ನುತ್ತಾಳೆ. ಎದುರು ಮಾತಾಡುವುದಿಲ್ಲ. ಅದು ಇಷ್ಟು ಕಷ್ಟವಾಗಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ.

ಬರೆಯಬೇಕಾದದ್ದು ಬಾಲ್ಕನಿಯ ಹುರುಳಿಕಾಯಿ ಬಳ್ಳಿಯ ವಿಷಯ. ಈ ವರ್ಷ ಅದು ಹುಟ್ಟಲಿಲ್ಲ. ಒಂಬತ್ತು ವರ್ಷದವಳಿದ್ದಾಗ ನೀನು ಕಾಯಿ ಬಿಡಿಸುತ್ತಾ, ಬಿಳಿ ಬೀಜಗಳ ನಡುವೆ ಕೆಂಪು ಮಚ್ಚೆಯ ಒಂದನ್ನು ಹಿಡಿದುಕೊಂಡು ಓಡಿ ಬಂದಿದ್ದೆ: ‘ಅಪ್ಪಾ, ಇದಕ್ಕೆ ಕೆಂಪು ಕಿವಿ ಇದೆ!’ ಆ ಒಂದರಿಂದ ಹದಿನಾರು ವರ್ಷ, ಪ್ರತಿ ಸಲವೂ ಒಳ್ಳೆಯ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಕಾಪಾಡಿದೆ. ಹೋಗುವ ವಾರವೂ ನೀನು ಡಬ್ಬಿ ತುಂಬಿಸಿಟ್ಟಿದ್ದೆ. ಜನವರಿಯಲ್ಲಿ ನಾನು ನಲವತ್ತು ಬೀಜ ಊರಿದೆ. ಹನ್ನೆರಡು ದಿನ ಕಾದು ಚಮಚದಿಂದ ಕೆದಕಿದೆ. ಬೆರಳಿಗೆ ಸಿಕ್ಕಿದ್ದು ಲೋಳೆ. ಮತ್ತೆ ಮೂವತ್ತನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡಿದೆ. ಕೊನೆಯ ಹದಿನೇಳನ್ನು ಹೇಗೆ ಬಿತ್ತಿದೆ ಎಂದು ಬರೆಯುವುದಿಲ್ಲ. ಡಬ್ಬಿ ಖಾಲಿ. ಬೀಜ ಸ್ವಲ್ಪ ಹಸಿಯಾಗಿತ್ತು, ಒಣಗಲಿ ಎಂದು ಬೇಕರಿಯ ಓವನ್ನಿನಲ್ಲಿ ಇಟ್ಟಿದ್ದೆ, ಬಿಸಿ ಜಾಸ್ತಿಯಾಗಿರಬೇಕು.

ನಮ್ಮ ಗಿಡದವರ ಸಭೆ ಈಗಲೂ ತಿಂಗಳ ಮೊದಲ ಭಾನುವಾರ, ಕೆಳಗಡೆ ಸೈಕಲ್ ನಿಲ್ಲಿಸುವ ಕೋಣೆಯಲ್ಲೇ. ಈಗಲೂ ಕಾಯಿಲೆಯ ಎಲೆ ಮೊದಲು, ಚೆಂದದ ಎಲೆ ಆಮೇಲೆ. ಎಲೆಯೇ ಇಲ್ಲದವನು ಏನು ತೋರಿಸಬೇಕು? ಕೊಳೆತ ಬೀಜಗಳನ್ನು ಕಾಗದದ ಮೇಲೆ ಹರಡಿ ಓವನ್ನಿನ ಕಥೆ ಹೇಳಿದೆ. ಡ್ರಾಯಿಂಗ್ ಮೇಷ್ಟ್ರು, ‘ಮೂವತ್ತು ವರ್ಷ ಒಂದು ಬನ್ ಸೀಯಿಸದೋರು ಬೀಜ ಸೀಯಿಸಿಬಿಟ್ರಲ್ರೀ!’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ಬೀಜ ಹಂಚಿದ್ದವರ ಬಾಗಿಲನ್ನೆಲ್ಲ ತಟ್ಟಿದೆ. ಮೇಷ್ಟ್ರ ಬಾಟಲಿಯಲ್ಲಿ ಹುಳು ಹಿಡಿದು ಹಿಟ್ಟು ಮಾತ್ರ ಉಳಿದಿತ್ತು. ಹಲ್ಲಿನ ಡಾಕ್ಟರು ಬಳ್ಳಿಗೆ ಹೇನು ಹತ್ತಿತೆಂದು ಹೂ ಬಿಡುವ ಮೊದಲೇ ಕಿತ್ತೆಸೆದಿದ್ದರು. ಹಲ್ಲಾಗಲಿ ಗಿಡವಾಗಲಿ, ಅವರಿಗೆ ಗೊತ್ತಿರುವ ಚಿಕಿತ್ಸೆ ಒಂದೇ. ಟೈಲರ್ ಆಂಟಿ ಕೆನ್ನೆ ಮುಟ್ಟಿಕೊಂಡು, ‘ಬೇಯಿಸ್ಕೊಂಡು ತಿಂದ್ಬಿಟ್ನಲ್ಲಪ್ಪಾ, ನನಗೇನು ಗೊತ್ತು ನಿಮ್ಮನೇಲೇ ಇರಲ್ಲ ಅಂತ!’ ಎಂದರು. ಬರಿಗೈಯಲ್ಲಿ ಬಂದವನನ್ನು ನೋಡಿ ನಿನ್ನಮ್ಮ ಹೇಳಿದ ಮಾತು ಇದು: ‘ಮಗಳು ಹೊರಟಾಗ ಮೂರು ಮೆಟ್ಟಿಲು ಇಳೀಲಿಲ್ಲ. ಈಗ ಹುರುಳಿಕಾಯಿಗೋಸ್ಕರ ಬೀದಿ ಬೀದಿ ಅಲೀತಾರೆ, ಮಹಾರಾಯರು.’ ನಾನು ಕೈ ತೊಳೆಯಲು ಹೋದೆ. ನಲ್ಲಿ ಬಹಳ ಹೊತ್ತು ಹರಿಯಿತು.

ಬಾಲ್ಕನಿಯಲ್ಲಿ ಈಗ ಬರೀ ಮಣ್ಣು ತುಂಬಿದ ಹದಿನಾಲ್ಕು ಕುಂಡಗಳಿವೆ. ನೀನು ಕಟ್ಟಿದ ದಾರಗಳೂ ಮೇಲಕ್ಕೆ ಹಾಗೇ ಇವೆ. ಬೆಳಿಗ್ಗೆ ಎದ್ದು ನೀರು ಹಾಕುತ್ತೇನೆ. ಏನೂ ಇಲ್ಲವೆಂದು ತಲೆಗೆ ಗೊತ್ತು. ಕೈಗೆ ಹೇಳುವವರು ಯಾರು? ನೀನು ಕೊನೆಯ ಸಭೆಯಲ್ಲಿ ಒಂದು ಹಿಡಿ ಬೀಜವನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡದ್ದನ್ನು ನೋಡಿದ್ದಾಗಿ ಟೈಲರ್ ಆಂಟಿ ಹೇಳುತ್ತಾರೆ. ನಿಜವಾಗಿದ್ದರೆ ಐದು ಬೀಜ ಕಳಿಸು. ಮೂರಾದರೂ ಸಾಕು. ಇನ್ನೆಲ್ಲೂ ಅದು ಉಳಿದಿಲ್ಲ, ಪುಟ್ಟಕ್ಕಾ. ನಾನು ಎಲ್ಲ ಕಡೆ ಕೇಳಿಯಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನಮ್ಮ ನೆನಪು ಹೇಳು ಎಂದಳು, ಅವಳ ನೆನಪು ನನ್ನದಕ್ಕಿಂತ ದೊಡ್ಡದು ಎಂಬುದನ್ನೂ ಸೇರಿಸಿ. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಪ್ಪ

ಇನ್ನೊಂದು ಮಾತು, ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ. ಬೀಜ ಹಸಿಯಾಗಿರಲಿಲ್ಲ. ‘ನೀನು ಹೋದ್ರೆ ನಿಂದು ಅನ್ನೋದು ಈ ಮನೇಲಿ ಒಂದೂ ಇರಲ್ಲ’ ಎಂದು ನೀನು ಹೊರಟ ಸಂಜೆ ಕೂಗಿದ್ದೆನಲ್ಲ. ಮರುದಿನ ನೋಡಿದರೆ ಡಬ್ಬಿ ಇತ್ತು. ಬ್ರೆಡ್ ತೆಗೆದ ಓವನ್ನಿನ ಬಿಸಿಯಲ್ಲಿ ಬೀಜವನ್ನು ಒಂದು ಗಂಟೆ ಇಟ್ಟೆ, ಅಲ್ಲೇ ನಿಂತಿದ್ದೆ. ಬಣ್ಣ ಕೆಡಲಿಲ್ಲ. ತಿರುಗಿ ಡಬ್ಬಿಗೆ ತುಂಬಿ ಇದ್ದ ಜಾಗದಲ್ಲೇ ಇಟ್ಟೆ. ಜನವರಿಯಲ್ಲಿ, ಒಂದಾದರೂ ನನ್ನಿಂದ ತಪ್ಪಿಸಿಕೊಂಡಿರಬಹುದು ಎಂದುಕೊಂಡೆ. ಬೀಜ ಕಳಿಸಬೇಡ. ಮುಂದೆ ನಾನೇ ಕೇಳಿದರೂ ಕೊಡಬೇಡ. ಅಲ್ಲಿ ಮೊಳೆತಿವೆಯೋ ಇಲ್ಲವೋ, ಅಷ್ಟು ಬರಿ.