ಎತ್ತಿನ ಗಾಡಿಯಲ್ಲಿ ಬಂದವಳು

ವೆಲಾಸ್ಕೊ, ಓಲ್ಗಿನ್ ಪ್ರಾಂತ್ಯ, ಕ್ಯೂಬಾ
ಮಾರ್ಚ್ ೧೮, ೧೯೯೩

ನನ್ನ ಒಸ್ಮೆಲ್,

ನೀನು ಅಪ್ಪನಾದೆ! ಹೆಣ್ಣು ಮಗು. ಮೂಗು ನಿನ್ನದೇ, ಪಾಪ. ಇಬ್ಬರೂ ಕ್ಷೇಮ. ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಮುಂದಕ್ಕೆ ಓದು.

ನೀನು ಹವಾನಾದ ಕಾರ್ಖಾನೆಯಲ್ಲಿ ಸೈಕಲ್ ಜೋಡಿಸಲು ಹೋದಮೇಲೆ ಇಲ್ಲಿ ಡೀಸೆಲ್ ಪೂರ್ತಿ ನಿಂತುಹೋಯಿತು. ರಷ್ಯಾದ ಎಣ್ಣೆ ಹಡಗುಗಳನ್ನು ನಂಬಿ ಕೂರುವಂತಿಲ್ಲವೆಂದು ಸರ್ಕಾರ ನಮ್ಮ ಬೇಸಾಯದ ಸಂಘಕ್ಕೆ ಹೋರಿಗಳನ್ನು ಕಳಿಸಿತು. ನಿನ್ನಪ್ಪನಿಗೆ ಅದೇ ದೊಡ್ಡ ಅವಮಾನ. "ಇಷ್ಟು ವರ್ಷ ಟ್ರ್ಯಾಕ್ಟರ್ ಓಡಿಸಿದೋನು ನಾನು, ಈಗ ದನದ ಬಾಲ ಹಿಡೀಬೇಕಾ?" ಎಂದು ಸಂಘದಲ್ಲಿ ಕೂಗಾಡಿ ಬಂದರು. ಕೊನೆಗೆ ಪಕ್ಕದ ಮನೆಯ ಒಬ್ದುಲಿಯಾ ಒಂದು ಜೋಡಿ ಪಳಗಿಸಿದಳು. ಮಾವ ಜಗಲಿಯಲ್ಲಿ ಕೂತು ನಗುತ್ತಿದ್ದರು.

ಹೋದ ವಾರ ಮಂಗಳವಾರ ಮಧ್ಯಾಹ್ನ, ದಿನ ತುಂಬುವ ಮೊದಲೇ ನನಗೆ ನೋವು ಶುರುವಾಯಿತು. ಆಸ್ಪತ್ರೆಯ ಜೀಪಿಗೆ ಪೆಟ್ರೋಲ್ ಇಲ್ಲ. ಸೈಕಲ್ ಮೇಲೆ ಕೂರಲು ನನ್ನಿಂದಾಗಲಿಲ್ಲ. ಒಬ್ದುಲಿಯಾ ಗಾಡಿ ಕಟ್ಟಿ ನನ್ನನ್ನು ಮಲಗಿಸಿದವಳೇ ಮಾವನಿಗೆ ಗದರಿದಳು: "ನಾನು ಇವಳ ಜೊತೆ ಕೂರ್ಬೇಕು. ಹಗ್ಗ ನೀನ್ ಹಿಡೀತೀಯೋ, ಇಲ್ಲಾ ಹೋಗಿ ನಿನ್ ಟ್ರ್ಯಾಕ್ಟರ್‌ನ ಕೇಳ್ತೀಯೋ?"

ಮಾವ ಜಗಲಿಯಿಂದ ಇಳಿದು ಬಂದು ಹಗ್ಗ ಹಿಡಿದರು.

ಹೊಳೆಯ ಹತ್ತಿರ ಬಲಗಡೆಯ ಎತ್ತು ಲುಸೇರೊ ನೀರಿಗೆ ಬೆದರಿ ನಿಂತುಬಿಟ್ಟಿತು. ಮಾವ ಬೈದರು, ಎಳೆದರು. ಜಗ್ಗಲಿಲ್ಲ. ಆಗ ಬೂಟು ಬಿಚ್ಚಿ ನೀರಿಗಿಳಿದು ಅದರ ಕೊರಳು ತಬ್ಬಿಕೊಂಡರು. "ಬಾರಪ್ಪಾ, ರಾಜಾ, ನಿನ್ ಕಾಲಿಗ್ ಬೀಳ್ತೀನಿ. ನನ್ ಸೊಸೆ ಕಣೋ ಅವಳು." ಲುಸೇರೊ ಹೆಜ್ಜೆಯಿಟ್ಟಿತು.

ಸಂಜೆಗೆ ಆಸ್ಪತ್ರೆಯಲ್ಲಿ ಮಗು ಹುಟ್ಟಿತು. ಮರುದಿನ ಮಾವ ವಾರ್ಡಿನಲ್ಲಿ ಎಲ್ಲರಿಗೂ ಭಾಷಣ: "ಒಂದಿನ ಪ್ರಪಂಚದ ಎಣ್ಣೆಯೆಲ್ಲಾ ಬತ್ತತ್ತೆ, ನೋಡ್ತಿರಿ. ಆವಾಗ ದೊಡ್ಡ ದೊಡ್ಡ ದೇಶದೋರು ಎತ್ತು ಕಟ್ಟೋದು ಕಲಿಯೋಕೆ ನನ್ ಹತ್ರಾನೇ ಬರ್ಬೇಕು."

"ಕಟ್ಟೋದು ನಾನು ಕಲಿಸ್ತೀನಿ, ಎವೇಲಿಯೊ. ನೀನು ಕಾಲಿಗ್ ಬೀಳೋದು ಕಲಿಸು," ಎಂದಳು ಒಬ್ದುಲಿಯಾ. ಇಡೀ ವಾರ್ಡು ನಕ್ಕಿತು. ನನಗೆ ನಗಲು ಆಗುತ್ತಿರಲಿಲ್ಲ, ಆದರೂ ನಕ್ಕೆ.

ರಜೆ ಸಿಕ್ಕೊಡನೆ ಬಾ. ಹೆಸರಿಡುವುದು ನಿನಗೇ ಬಿಟ್ಟಿದ್ದೇನೆ.

ನಿನ್ನ ದಾರಿ ನೋಡುತ್ತಿರುವ,
ನೆರೇಯ್ದಾ

ಮರೆತ ಮಾತು: ಮರೆತದ್ದಲ್ಲ, ಮಾವ ಬರೆಯಬೇಡ ಎಂದಿದ್ದರು. ಮಗು ಅಡ್ಡವಾಗಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಹೊಟ್ಟೆ ಕೊಯ್ದೇ ತೆಗೆದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವಂತೆ. ಇವತ್ತು ಹೊಲಿಗೆ ಬಿಚ್ಚಿದರು, ಅದಕ್ಕೇ ಈಗ ಹೇಳುತ್ತಿದ್ದೇನೆ. ಹೆದರಬೇಡ. ಇವಳು ಹಾಲು ಕುಡಿದು ನನ್ನ ಬಲತೋಳಿನ ಮೇಲೆ ನಿದ್ದೆಹೋಗಿದ್ದಾಳೆ. ಅಕ್ಷರ ಸೊಟ್ಟಗಿರುವುದು ಅದಕ್ಕೆ.