ಎಡಗಡೆ ಬಾಗಿಲು ಎತ್ತಿ ಹಾಕುವ ಗಾಡಿ

ಗಾಳಿಶಕ ೯೭, ಎರಡನೇ ಆಶ್ವಯುಜ, ಮೂವತ್ತೆಂಟನೇ ತಾರೀಖು. ಬೆಳಗಿನ ಉಸಿರುಹೊತ್ತು.

ಪೂಜ್ಯ ಮುತ್ತಜ್ಜ ಅಡಿವೆಪ್ಪನವರ ಪಾದಗಳಿಗೆ, ಕಪ್ಪತಗುಡ್ಡದ ಗಾಳಿಠಾಣೆಯಿಂದ ನಿಮ್ಮ ಮೊಮ್ಮಗಳ ಮಗಳು ಬಸಲಿಂಗವ್ವ ಮಾಡುವ ನಮಸ್ಕಾರಗಳು.

ಈ ತಾರೀಖು ನೋಡಿ ನೀವು ನಗಬಹುದು. ಋತುಗಳು ಹಳೆಯ ಪಂಚಾಂಗದ ಮಾತು ಕೇಳದೆ ಹೋದ ಮೇಲೆ ನಮ್ಮ ಹಿರಿಯರು ತಿಂಗಳಿಗೆ ನಲವತ್ತು ದಿನ ಮಾಡಿದರು, ಹಾಗೂ ಉಳಿದದ್ದನ್ನು ಎರಡನೇ ಆಶ್ವಯುಜ ಎಂದು ಕರೆದರು. ನೀವು ಮೊದಲ ಗಾಳಿಯಂತ್ರಕ್ಕೆ ಗ್ರೀಸು ಹಚ್ಚಿದ ವರ್ಷದಿಂದ ನಮ್ಮ ಶಕೆ ಶುರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸುತ್ತವೆ, ಕ್ಷಮಿಸಬೇಕು. ಉಸಿರುಹೊತ್ತು ಎಂದರೆ ಮನುಷ್ಯರು ಹೊರಗೆ ನಿಂತು ಉಸಿರಾಡಬಹುದಾದ, ಸೂರ್ಯ ಹುಟ್ಟುವ ಆಚೀಚಿನ ಎರಡು ತಾಸು. ಅದು ಮುಗಿದರೆ ಬಂಡೆ ಕಾಯುತ್ತದೆ, ರಾತ್ರಿಯೆಲ್ಲ ಆ ಕಾವನ್ನು ವಾಪಸು ಕೊಡುತ್ತದೆ. ನಾವು ದಪ್ಪಗೋಡೆಯ ಮನೆಗಳ ಒಳಗೆ ಕೂತು ಗಾಳಿಯಂತ್ರಗಳ ಸದ್ದು ಕೇಳುತ್ತ ಕಾಲ ಕಳೆಯುತ್ತೇವೆ. ಇಲ್ಲಿ ಹನ್ನೊಂದು ಮನೆಗಳಿವೆ. ಕೆಳಗಿನ ಊರಿಗೆ ಹತ್ತೊಂಬತ್ತು ಕಿಲೋಮೀಟರು, ಇಪ್ಪತ್ತಮೂರು ತಿರುವು, ಒಂದೇ ರಸ್ತೆ. ಮೊದಲ ತಿರುವಿನಿಂದ ಕೊನೆಯದರವರೆಗೂ ಇಳಿಜಾರು. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಟಿಪ್ಪಣಿ ಪುಸ್ತಕ ನನ್ನ ಬಳಿ ಇದೆ. ಪಿಕಪ್ ಗಾಡಿ ಕೊಳ್ಳುವ ಮುಂಚೆ ನೀವು ಹಾಳೆಯ ನಡುವೆ ಗೆರೆ ಎಳೆದು, ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೇದು ಎಂದು ಬರೆದಿದ್ದೀರಿ. ಹೊಸದರ ಕೆಳಗೆ: ‘ಬಿಳೇ ಬಣ್ಣ. ಚಾವಿ ತಿರುವೂದಿಲ್ಲ, ಗುಂಡಿ ಒತ್ತೂದು. ಹ್ಯಾಂಡ್ ಬ್ರೇಕೂ ಗುಂಡೀನ. ಮುಂದ ದೊಡ್ಡ ಪರದೆ, ಅದು ಮಾತಾಡತೈತಿ. ಮನಿಯಾಕಿ ಇದಽ ಬೇಕಂತಾಳ, ದನಿ ಚಂದಂತ.’ ಹಳೇದರ ಕೆಳಗೆ: ‘ಎಂಟು ವರ್ಷದ್ದು. ಮಾಸ್ತರು ಒಬ್ಬರಽ ಹೊಡದದ್ದು. ಹಿಂದಿನ ಡಬ್ಬಿ ಬುಡಕ ಅಂಗೈ ಅಗಲ ತುಕ್ಕು. ಹ್ಯಾಂಡ್ ಬ್ರೇಕು ಕೈಲೆ ಎಳಿಯೂದು, ಗಟ್ಟಿ ಐತಿ. ಎಡಗಡೆ ಬಾಗಿಲಾ ಎತ್ತಿ ಹಾಕಬೇಕು, ಇಲ್ಲಂದ್ರ ಕೂಡೂದಿಲ್ಲ.’ ಅದರ ಮುಂದಿನ ಹಾಳೆಯನ್ನು ಗೆದ್ದಲು ತಿಂದಿವೆ. ನೀವು ಯಾವುದನ್ನು ಆರಿಸಿಕೊಂಡಿರಿ ಎಂಬುದು ಗೆದ್ದಲಿಗೆ ಗೊತ್ತು, ನನಗೆ ಗೊತ್ತಿಲ್ಲ. ನನ್ನ ಮಗಳು ನೀಲಗಂಗಾಳ ಜೀವ ಈಗ ಆ ಹಾಳೆಯ ಮೇಲೆ ನಿಂತಿದೆ, ಅದಕ್ಕೇ ಈ ಪತ್ರ.

ನಿಮ್ಮ ಹಾಗೆಯೇ ನಾನೂ ಒಮ್ಮೆ ಎರಡು ಗಾಡಿಗಳ ನಡುವೆ ನಿಂತೆ. ಗುಡ್ಡದ ಮೇಲೆ ಗಾಡಿ ಬದಲಿಸುವಾಗ ಆರಿಸುವ ಅಧಿಕಾರ ಠಾಣೆಯ ಹಿರಿಯ ಹೆಂಗಸಿನದು. ಈ ಸಲ ಸರದಿ ನನ್ನದಾಗಿತ್ತು. ನಮ್ಮಲ್ಲಿ ಹನ್ನೆರಡು ವರ್ಷದ ಹಳೆಯ ಅರಿಗಾಡಿ ಇತ್ತು. ಅರಿಗಾಡಿ ಎಂದರೆ ದಾರಿಯನ್ನು ತಾನೇ ಅರಿತು ಹೋಗುವ ಗಾಡಿ. ಅದಕ್ಕೆ ಸ್ಟೀರಿಂಗ್ ಇರುವುದಿಲ್ಲ, ಮನುಷ್ಯರು ಹಿಂದೆ ಕೂತರೆ ಸಾಕು. ಆದರೂ ನಮ್ಮ ಹಳೆಯದರಲ್ಲಿ ಒಂದು ಕೆಂಪು ಸನ್ನೆಗೋಲು ಇತ್ತು. ಗಾಡಿ ಮೊಂಡು ಹಿಡಿದಾಗ ಅದನ್ನು ಒತ್ತಿದರೆ ಅದು ಬಾಯಿ ಮುಚ್ಚಿಕೊಂಡು ನಾವು ಹೇಳಿದ ಕಡೆ ಹೋಗುತ್ತಿತ್ತು. ಹೊಸದರಲ್ಲಿ ಸನ್ನೆಗೋಲು ಇಲ್ಲ ಎಂದು ದಾದಿ ಹುಸೇನಬಿ ಆಗಲೇ ಎಚ್ಚರಿಸಿದಳು. “ಹೊಸ ವೈದ್ಯನಕಿಂತ ಹಳೇ ರೋಗಿ ಚಲೋ ಅಂತಾರ ಬಸಲಿಂಗವ್ವ, ಇರೂದನ್ನ ಇಟ್ಕೋರಿ,” ಎಂದಳು. ನಾನು ಕೇಳಲಿಲ್ಲ. ಹೊಸದರ ಆಸನ ಮೆತ್ತಗಿತ್ತು, ತಂಪಾಗಿತ್ತು. ಹೊಟ್ಟೆಯಲ್ಲಿ ಕೂಸು ಹೊತ್ತ ಮಗಳನ್ನು ಅದರಲ್ಲಿ ಕೂರಿಸಿಕೊಂಡು ಬರಬೇಕೆಂಬ ಆಸೆ ಹುಟ್ಟಿತು. ಹಳೆಯದನ್ನು ಬದಲಿಗೆ ಕೊಟ್ಟು ಕಳಿಸಿದೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆಯುತ್ತಾನಲ್ಲ, ನನಗೂ ಅದೇ ಹುರುಪು.

ಏಳನೇ ತಿಂಗಳಲ್ಲಿ ಕೆಳಗಿನ ಊರಿನ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿದ ಮೇಲೆ ನೀಲಗಂಗಾ ಆ ಗಾಡಿಯಲ್ಲೇ ಬಂದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ತೊಂಬತ್ತೇಳು ವರ್ಷವಾದರೂ ಈ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಅಳಿಯ ಫಕೀರಪ್ಪ ಜೊತೆಗೆ ಬಂದ. ಹೊಸ ಗಾಡಿ ಮನೆಗೆ ಬಂತೆಂದರೆ ಪೂಜೆ ಮಾಡದೆ ಬಿಡುವುದುಂಟೆ? ಠಾಣೆಯ ಕಬ್ಬಿಣದ ಗೇಟಿನ ಮುಂದೆ, ನಡುರಸ್ತೆಯಲ್ಲಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಕರ್ಪೂರ ಹಚ್ಚಿದೆ. ಬೂದಗುಂಬಳಕಾಯಿಯ ತಲೆ ಕೊರೆದು, ಒಳಗೆ ಕೈತುಂಬ ಕುಂಕುಮ ಸುರಿದು, ದೃಷ್ಟಿ ನಿವಾಳಿಸಿ, ಎತ್ತಿ ನೆಲಕ್ಕೆ ಒಡೆದೆ. ಹನ್ನೊಂದು ಮನೆಯವರೂ ಕೈಮುಗಿದು ನಿಂತಿದ್ದರು.

ಗಾಡಿ ಇದೆಲ್ಲವನ್ನೂ ನೋಡಿತು. ಅದು ಕಂಡದ್ದಿಷ್ಟು: ರಸ್ತೆಯ ಮೇಲೆ ಬೆಂಕಿ, ಸುತ್ತ ತಲೆತಗ್ಗಿಸಿ ನಿಂತ ಜನ, ನಡುವೆ ಕೆಂಪಾಗಿ ಒಡೆದು ಬಿದ್ದ ತಲೆಗಾತ್ರದ ಒಂದು ವಸ್ತು. ಇಲ್ಲಿ ಮನುಷ್ಯರೊಬ್ಬರು ಸತ್ತಿದ್ದಾರೆ ಎಂದು ಅದು ತೀರ್ಮಾನಿಸಿತು. ದಾರಿಗಳ ಲೆಕ್ಕ ಇಡುವ ದಾರಿಮನೆಗೆ ಆ ಕ್ಷಣವೇ ಸುದ್ದಿ ಮುಟ್ಟಿಸಿತು. ಸಾವಾದ ರಸ್ತೆಯನ್ನು ದಾರಿಮನೆ ಮುಚ್ಚುದಾರಿ ಎಂದು ಬರೆಯುತ್ತದೆ, ಬರೆದ ಮೇಲೆ ನಾಡಿನ ಯಾವ ಅರಿಗಾಡಿಯೂ ಅಲ್ಲಿ ಚಕ್ರ ಇಡುವುದಿಲ್ಲ. ನಮ್ಮ ಗಾಡಿ ಚಕ್ರಗಳಿಗೆ ಬೀಗ ಹಾಕಿಕೊಂಡು ಗೇಟಿನ ಪಕ್ಕ ನಿಂತಿತು. ಇವತ್ತಿಗೂ ಅಲ್ಲೇ ನಿಂತಿದೆ, ಆಸನ ಮಾತ್ರ ಈಗಲೂ ತಂಪಾಗಿದೆ. ನನ್ನ ಮಗಳ ಹಾದಿಯ ಮೇಲೆ ನಾನೇ ಕಲ್ಲು ಹಾಕಿದೆ, ಅದೂ ಕೈಮುಗಿದು ಹಾಕಿದೆ.

ತಪ್ಪು ತಿದ್ದಿಸುವುದು ಸುಲಭ ಎಂದುಕೊಂಡಿದ್ದೆವು. ಮುಚ್ಚುದಾರಿ ತೆರೆಯಲು ಸತ್ತವರ ವಾರಸುದಾರರ ಒಪ್ಪಿಗೆ ಬೇಕು ಎಂದು ದಾರಿಮನೆಯವರು ದೂರವಾಣಿಯಲ್ಲಿ ಹೇಳಿದರು. ಯಾರೂ ಸತ್ತಿಲ್ಲ ಎಂದೆವು. ಹಾಗಾದರೆ ವಾರಸುದಾರರೂ ಇಲ್ಲ, ಒಪ್ಪಿಗೆ ಕೊಡುವವರು ಯಾರು ಎಂದು ಕೇಳಿದರು. ತನಿಖೆಗೆ ಅಧಿಕಾರಿಯನ್ನು ಕಳಿಸಿ ಎಂದೆವು. ಅವರು ಕಳಿಸಿದರು. ಅಧಿಕಾರಿಯ ಅರಿಗಾಡಿ ಗುಡ್ಡದ ಬುಡದಲ್ಲಿ ಇದು ಮುಚ್ಚುದಾರಿ ಎಂದು ಹೇಳಿ ಅವರನ್ನು ತಿರುಗಿಸಿಕೊಂಡು ಹೋಯಿತು. ಮೂರು ಸಲ ಬಂದರು, ಮೂರು ಸಲವೂ ಹೀಗೇ. ನನಗೆ ತಲೆಕೆಟ್ಟು, ಸತ್ತವಳು ನಾನೇ ಎಂದು ಬರೆದುಕೊಳ್ಳಿ, ಮಗಳು ವಾರಸುದಾರಳಾಗಿ ಒಪ್ಪಿಗೆ ಕೊಡುತ್ತಾಳೆ ಎಂದು ಕೂಗಾಡಿದೆ. ದಾರಿಮನೆಯಲ್ಲಿ ಕೂತವನೂ ನಮ್ಮ ಕಡೆಯವನೇ, ಕೆಟ್ಟವನಲ್ಲ. “ಅವ್ವಾರ, ಸತ್ತಾವ್ರು ಹಿಂಗ ಜಗಳಾ ಮಾಡ್ತಾರೇನ್ರೀ?” ಎಂದ. ಅವನಿಗೂ ನಗು ಬಂತು, ನನಗೂ ಬಂತು, ಆಮೇಲೆ ನಾನು ಅತ್ತೆ.

ಊಟಕ್ಕೆ ತೊಂದರೆಯಿಲ್ಲ, ಅದನ್ನು ಹೇಳಲೇಬೇಕು. ಹಾರುಬುಟ್ಟಿಗಳು ಜೋಳ, ಬೇಳೆ, ಔಷಧಿ ತಂದು ಅಂಗಳಕ್ಕೆ ಇಳಿಸುತ್ತವೆ. ಒಂದು ಬುಟ್ಟಿ ಹತ್ತು ಸೇರಿಗಿಂತ ಹೆಚ್ಚು ಹೊರುವುದಿಲ್ಲ, ಆದ್ದರಿಂದ ವೈದ್ಯರನ್ನು ತರಲಾರದು, ಬಸುರಿಯನ್ನು ಒಯ್ಯಲಾರದು. ನಡೆದು ಹೋಗೋಣವೆಂದರೆ, ಗಟ್ಟಿಮುಟ್ಟಾದ ಗಂಡಸು ಉಸಿರುಹೊತ್ತಿನಲ್ಲಿ ಒಂಬತ್ತನೇ ತಿರುವು ಮುಟ್ಟುತ್ತಾನೆ. ಅಲ್ಲಿಂದ ಮುಂದೆ ನೆರಳಿಲ್ಲ. ಪಕ್ಕದ ಮನೆಯ ಕೆಂಚಪ್ಪ ಗ್ರೀಸು ಡಬ್ಬಿಯ ತಳ್ಳುಗಾಡಿಯಲ್ಲಿ ಕೂತು ಜಾರಿಕೊಂಡು ಹೋಗಿ ನೋಡಿದ. ಅದಕ್ಕೆ ಬ್ರೇಕಿಲ್ಲ. ಮೂರನೇ ತಿರುವಿನಲ್ಲಿ ತೊಡೆಮೂಳೆ ಮುರಿದುಕೊಂಡ. ಅವನನ್ನು ಹೊತ್ತು ತಂದದ್ದೇ ದೊಡ್ಡದಾಯಿತು.

ನೀಲಗಂಗಾ ಹೊಸ್ತಿಲ ಒಳಗೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೇಟನ್ನೇ ನೋಡುತ್ತಾಳೆ. ಗೇಟು ತೆರೆದೇ ಇದೆ, ಅದೇ ನನ್ನ ಹೊಟ್ಟೆ ಉರಿಸುವುದು. ಬೀಗವಿಲ್ಲ, ಕಾವಲಿಲ್ಲ, ರಸ್ತೆ ಮುರಿದಿಲ್ಲ. ಆದರೂ ಒಂದೂವರೆ ತಿಂಗಳಿಂದ ಅಡಕತ್ತರಿಯಲ್ಲಿ ಸಿಕ್ಕಂತೆ ಕೂತಿದ್ದೇವೆ. ನಿನ್ನೆ ಹುಸೇನಬಿ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಅಡುಗೆಮನೆಗೆ ಕರೆದಳು. “ಕೂಸು ಅಡ್ಡ ಮಲಗೇತಿ. ತಿರುಗಸಾಕ ನೋಡೇನಿ, ತಿರುಗವಲ್ದು. ಭಾಳ ಅಂದ್ರ ಹನ್ನೆರಡು ದಿನ. ಕೊಯ್ದು ತೆಗಿಬೇಕು, ಅದು ನನ್ನ ಕೈಯಾಗಿಲ್ಲವ್ವ,” ಎಂದಳು. ಕೆಳಗಿನ ಆಸ್ಪತ್ರೆಯ ವೈದ್ಯೆ ದೂರದಿಂದ ಮಾತನಾಡಿ ಅದನ್ನೇ ಹೇಳಿದರು. ಹೇಗಾದರೂ ಮಾಡಿ ಕರೆತನ್ನಿ, ನಾವು ಸಿದ್ಧವಾಗಿದ್ದೇವೆ ಎಂದರು. ನನಗೆ ಭಯವಾಗಿದೆ ಮುತ್ತಜ್ಜ. ಅರವತ್ತೊಂದು ವರ್ಷದಲ್ಲಿ ಇಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಈಗ ನಿಮ್ಮ ಕೊಟ್ಟಿಗೆಯ ಮಾತು. ಮನುಷ್ಯರು ಕೈಯಲ್ಲಿ ಹಿಡಿದು ನಡೆಸುವ ಗಾಡಿಗಳಿಗೆ ನಾವು ಹಿಡಿಗಾಡಿ ಎನ್ನುತ್ತೇವೆ. ನಾನು ಹುಟ್ಟುವ ಮುಂಚೆ ಅವುಗಳನ್ನೆಲ್ಲ ಸರಕಾರ ಕಸಿದುಕೊಂಡಿತು. ಆಗ ನಿಮ್ಮ ಮಗ, ನನ್ನ ಅಜ್ಜ, ನಿಮ್ಮ ಗಾಡಿ ನಿಲ್ಲಿಸುತ್ತಿದ್ದ ಕಲ್ಲಿನ ಕೊಟ್ಟಿಗೆಯ ಬಾಗಿಲಿಗೆ ಗೋಡೆ ಕಟ್ಟಿ, ಒಳಗೆ ಹುಲ್ಲಿದೆ ಎಂದು ಬಂದವರ ಮುಂದೆ ಆಣೆ ಮಾಡಿದನಂತೆ. ಅಜ್ಜನ ಆಣೆ ಸುಳ್ಳಾಗಬಾರದೆಂದು ಮನೆಯವರೆಲ್ಲ ಹುಲ್ಲು, ಹುಲ್ಲು ಎಂದರು. ನನ್ನ ಅವ್ವ ಪ್ರಾಣ ಬಿಡುವಾಗಲೂ, “ಅದರಾಗ ಹುಲ್ಲೈತಿ, ಮತ್ತೇನೂ ಇಲ್ಲ,” ಎಂದೇ ಹೇಳಿದಳು. ಗುಡ್ಡದ ಮೇಲೆ ದನವೇ ಇಲ್ಲದಿರುವಾಗ ಹುಲ್ಲೇಕೆ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಹಿರಿಯರಿಗೆ ಹೇಳಬೇಕಾದದ್ದನ್ನು ಚೀಟಿ ಬರೆದು ಆ ಗೋಡೆಯ ಸಂದಿನಲ್ಲಿ ತುರುಕುವುದು ನಮ್ಮ ಮನೆಯ ರೂಢಿ. ನಿನ್ನೆ ಆ ಸಂದಿಗೆ ದೀಪ ಹಿಡಿದು ನೋಡಿದೆ. ಒಳಗೆ ಹಳೆಯ ಚೀಟಿಗಳು ರಾಶಿ ಬಿದ್ದಿವೆ. ಅದರಾಚೆ ತಾಡಪತ್ರಿ ಹೊದಿಸಿದ ಪಿಕಪ್ ಒಂದಿದೆ. ಗಾತ್ರ ತಿಳಿಯಿತು, ಹಿಂದಿನ ಡಬ್ಬಿಯ ಅಂಚು ಕಂಡಿತು. ಹೊಸದೋ ಹಳೆಯದೋ ಕಾಣಲಿಲ್ಲ.

ನನಗೆ ಇಂಜಿನ್ ಬೇಡ, ಡೀಸೆಲ್ ಬೇಡ. ದಾರಿಯೆಲ್ಲ ಇಳಿಜಾರು ಎಂದು ಮೊದಲೇ ಹೇಳಿದೆನಲ್ಲ. ತಿರುಗುವ ಸ್ಟೀರಿಂಗ್ ಇದ್ದರೆ, ಕೈಯಿಂದ ಎಳೆಯುವ ಬ್ರೇಕು ಇದ್ದರೆ ಸಾಕು. ಟೈರು ಕೊಳೆತಿದ್ದರೆ ಗಾಳಿಯಂತ್ರದ ಹಗ್ಗ ಸುತ್ತುತ್ತೇವೆ, ಬ್ರೇಕಿನ ತಂತಿ ಹಿಡಿದುಕೊಂಡಿದ್ದರೆ ಗ್ರೀಸು ಹಾಕಿ ಬಿಡಿಸುತ್ತೇವೆ, ಆ ವಿದ್ಯೆ ನಿಮ್ಮದೇ. ನೀವು ಗುಂಡಿಯ ಗಾಡಿ ಆರಿಸಿದ್ದರೆ ಮಾತ್ರ ನಾನು ಸೋತೆ. ಅದರ ಬ್ರೇಕು ಬಿಡಿಸಲು ಅದರ ಬ್ಯಾಟರಿ ಎದ್ದು ಹೂಂ ಅನ್ನಬೇಕು, ಸತ್ತು ತೊಂಬತ್ತು ವರ್ಷವಾದ ಬ್ಯಾಟರಿ ಎಲ್ಲಿ ಏಳುತ್ತದೆ? ಗೇಟಿನ ಪಕ್ಕ ನಿಂತಿರುವಂಥದೇ ಇನ್ನೊಂದು ಮೊಂಡುಗಾಡಿ ಸಿಕ್ಕಂತಾಗುತ್ತದೆ. ಫಕೀರಪ್ಪ ಹುಟ್ಟಿದಾಗಿನಿಂದ ಗಾಡಿ ನಡೆಸಿದವನಲ್ಲ. ನಿನ್ನೆಯಿಂದ ಜೋಳದ ಜರಡಿ ಎದೆಗೆ ಹಿಡಿದು ಕೂತು ಎಡಕ್ಕೆ ಬಲಕ್ಕೆ ತಿರುವಿ ಕಲಿಯುತ್ತಿದ್ದಾನೆ. ಕೆಂಚಪ್ಪ ಮುರಿದ ಕಾಲು ಚಾಚಿಕೊಂಡು ತಿರುವುಗಳನ್ನು ಬಾಯಿಪಾಠ ಹೇಳಿಸುತ್ತಿದ್ದಾನೆ. ಹಿಡಿಗಾಡಿ ಇಟ್ಟುಕೊಂಡವರನ್ನು ಶಿಕ್ಷೆಯಾಗಿ ಗುಡ್ಡದಿಂದ ಕೆಳಗೆ ಇಳಿಸುತ್ತಾರಂತೆ. ಇಳಿಸಲಿ, ಪುಣ್ಯಾತ್ಮರು, ಒಂದೂವರೆ ತಿಂಗಳಿಂದ ನಾವು ಕೇಳುತ್ತಿರುವುದೂ ಅದನ್ನೇ.

ಈ ಪತ್ರ ನಿಮ್ಮನ್ನು ಮುಟ್ಟುವುದೋ ಇಲ್ಲವೋ ನಾನರಿಯೆ. ಮುಟ್ಟಿದರೆ, ನೀವು ಇನ್ನೂ ಆ ಗೆರೆ ಎಳೆದ ಹಾಳೆಯ ಮುಂದೆ ಕೂತಿದ್ದರೆ, ನನ್ನ ಮಾತು ಕೇಳಿ. ಮುತ್ತಜ್ಜಿಗೆ ಬೇಸರವಾದರೂ ಆಗಲಿ, ಚಂದದ ದನಿಯನ್ನು ಅಲ್ಲೇ ಬಿಟ್ಟು ಮಾಸ್ತರ ಗಾಡಿ ತನ್ನಿ. ಅಂಗೈ ಅಗಲದ ತುಕ್ಕಿಗೆ ಹೆದರಬೇಡಿ. ಚಾವಿಯನ್ನು ಗಾಡಿಯಲ್ಲೇ ಬಿಡಿ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ, ಆ ಗಾಡಿ ಕುಂಬಳಕಾಯಿಯನ್ನು ಕುಂಬಳಕಾಯಿ ಎಂದೇ ತಿಳಿಯುತ್ತದೆ.

ಸೂರ್ಯ ಕಾಣಿಸಿಕೊಂಡಿದ್ದಾನೆ, ಇನ್ನು ಒಂದು ತಾಸಿನ ಹೊತ್ತಿದೆ. ಹನ್ನೊಂದು ಮನೆಯವರೂ ಹಾರೆ ಹಿಡಿದು ಗೋಡೆಯ ಮುಂದೆ ನಿಂತಿದ್ದಾರೆ, ಈ ಚೀಟಿಯನ್ನು ಸಂದಿನಲ್ಲಿ ತುರುಕಿ ನಾನು ಕೈಸನ್ನೆ ಮಾಡಬೇಕು. ನೀಲಗಂಗಾ ಸೀರೆ ಉಟ್ಟು, ಕೂಸಿನ ಕುಂಚಿಗೆ, ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಬಂದಿದ್ದಾಳೆ. ತಾಡಪತ್ರಿ ಸರಿಸಿದ ಮೇಲೆ ನಾನು ಬಣ್ಣ ನೋಡುವುದಿಲ್ಲ, ಪರದೆ ನೋಡುವುದಿಲ್ಲ. ನೇರವಾಗಿ ಎಡಗಡೆಗೆ ಹೋಗಿ, ಮಗಳು ಕೂರಬೇಕಾದ ಆ ಬಾಗಿಲನ್ನು ತೆಗೆದು, ಮೆಲ್ಲಗೆ ಮುಚ್ಚುತ್ತೇನೆ. ಅದು ಕೂಡದಿರಲಿ ಮುತ್ತಜ್ಜ. ಎತ್ತಿ ಹಾಕುವ ಹಾಗಿರಲಿ.