ಖಾಲಿ ಬಿಟ್ಟ ದಿನಾಂಕ

ಅಮ್ಮನ ಕೋಣೆ,
ಹದಿನಾಲ್ಕನೇ ತಾರೀಖು, ಬುಧವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಗೆಳೆಯನ ಕೋಣೆಯಲ್ಲಿ ಬರೀ ನೆಲದ ಮೇಲೆ ಮಲಗಬೇಡ, ನಿನಗೆ ಬೆನ್ನು ಹಿಡಿದುಕೊಳ್ಳುತ್ತದೆ, ಎರಡು ಕಂಬಳಿ ಹಾಸಿಕೋ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ ಎಂದು ಬರೆಯಬಹುದಿತ್ತು, ಆದರೆ ನಿನ್ನ ಹತ್ತಿರ ಸುಳ್ಳೇಕೆ? ಹೊಲಿಗೆ ಬಿಚ್ಚಿದ್ದಾರೆ. ಇಲ್ಲದ ಪಾದ ತುರಿಸುತ್ತದೆ ಎಂದು ಹಾಸಿಗೆಯ ಹೊದಿಕೆಯನ್ನು ಕೆರೆಯುತ್ತಾಳೆ. ಎಡಗಾಲಿನ ಚಪ್ಪಲಿಯನ್ನು ಏನು ಮಾಡುವುದು ಎಂದು ಮೊನ್ನೆ ಕೇಳಿದಳು. ಸದ್ಯಕ್ಕೆ ಬಾಗಿಲ ಹಿಂದೆ ಇಟ್ಟಿದ್ದೇನೆ.

ಮನೆಗೆ ಬರಲೇ ಎಂದು ಕೇಳಿದ್ದೀಯ. ಮೊದಮೊದಲು ಅಮ್ಮ ದಿನಾ ನಿನ್ನನ್ನೇ ಕೇಳುತ್ತಿದ್ದಳು. ಆಮೇಲೆ, ಯಾರಾದರೂ ಹೇಳಲೇಬೇಕಲ್ಲ ಎಂದು, ಒಂದು ದಿನ ಅವಳಿಗೆ ಗಂಜಿ ಕುಡಿಸುತ್ತಾ ನಾನೇ ಹೇಳಿದೆ: "ಅಮ್ಮಾ, ಅವನು ಒಂದು ಸಾಲು ಬರೆಯೋದು ಮರೆತ, ಅದಕ್ಕೇ ಹೀಗಾಯ್ತು." ಅವಳು ಗಂಜಿ ಮುಗಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ನಿನ್ನ ಮಾತೆತ್ತಿಲ್ಲ. ಆದ್ದರಿಂದ ಈಗಲೇ ಬರಬೇಡ ಮರಿ, ನಿನಗೇ ನೋವಾಗುತ್ತದೆ.

ಸೋಮವಾರ ಆಫೀಸಿಗೆ ವಿಚಾರಣೆಗೆಂದು ಹೊರಗಿನ ಮೂವರು ಬಂದಿದ್ದರು. ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ನಮ್ಮದು ಮನೆಮನೆಗೆ ನರ್ಸ್ ಕಳಿಸುವ ಕಂಪನಿ, ಫೋನ್ ಎತ್ತುವುದು, ಭೇಟಿ ಗೊತ್ತು ಮಾಡುವುದು, ರದ್ದು ಮಾಡುವುದು ಎಲ್ಲ ಈಗ ಎಐ ಏಜೆಂಟಿನ ಕೆಲಸ, ಕಂಪ್ಯೂಟರಿನಲ್ಲಿ ಅದು ಬಳಸುವ ಯಾವ ಸಾಧನವನ್ನು, ಅಂದರೆ ಟೂಲನ್ನು, ಹೇಗೆ ಬಳಸಬೇಕೆಂದು ಅದಕ್ಕೆ ಬರೆದುಕೊಡುವುದು ನಮ್ಮಿಬ್ಬರ ಕೆಲಸ ಎಂದೆ. ತಮ್ಮ ಬರೆಯುತ್ತಾನೆ, ನಾನು ತಿದ್ದುತ್ತೇನೆ ಎಂದೆ. ಭೇಟಿ ರದ್ದು ಮಾಡುವ ಟೂಲಿನಲ್ಲಿ ದಿನಾಂಕ ಖಾಲಿ ಬಿಟ್ಟರೆ ಆ ರೋಗಿಯ ಎಲ್ಲಾ ದಿನದ ಭೇಟಿಗಳೂ ಹೋಗುತ್ತವೆ; ಇದು ಮೊದಲು ಫೋನ್ ಎತ್ತುತ್ತಿದ್ದ ಹಳಬರಿಗೆಲ್ಲ ಗೊತ್ತಿತ್ತು, ಒಬ್ಬೊಬ್ಬರ ಪರದೆಯ ಮೂಲೆಯಲ್ಲೂ ಒಂದು ಕೆಂಪು ಚೀಟಿ ಅಂಟಿಸಿಕೊಂಡಿದ್ದರು. ಏಜೆಂಟಿಗೆ ಪರದೆಯೂ ಇಲ್ಲ, ಮೂಲೆಯೂ ಇಲ್ಲ. ನಾವು ಅದಕ್ಕೆ ಬರೆದುಕೊಟ್ಟ ಪುಟದಲ್ಲಿ "ದಿನಾಂಕ ಕಡ್ಡಾಯವಲ್ಲ" ಎಂದಷ್ಟೇ ಇತ್ತು. "ಇವತ್ತೊಂದು ದಿನ ಬೇಡಪ್ಪಾ, ಕಣ್ಣಿನ ಡಾಕ್ಟ್ರ ಹತ್ರ ಹೋಗ್ತಿದ್ದೀನಿ" ಎಂದು ಅಮ್ಮ ಫೋನ್ ಮಾಡಿದಾಗ, ಖಾಲಿ ಎಂದರೆ ಇವತ್ತು ಎಂದು ತಿಳಿದುಕೊಂಡು ಅದು ದಿನಾಂಕ ಖಾಲಿ ಬಿಟ್ಟಿತು. "ಆಗಲಿ ಅಮ್ಮಾ" ಎಂದಿತಂತೆ, ಬಹಳ ಮರ್ಯಾದೆಯಿಂದ. ಇನ್ನೂ ಆರು ಮನೆಗಳಲ್ಲಿ ಹೀಗೇ ಆಗಿದೆ.

ನರ್ಸಿನ ಪಟ್ಟಿಯಲ್ಲಿ ಅಮ್ಮನ ಹೆಸರೇ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದಲ್ಲಾಗಿದ್ದ ಹುಣ್ಣಿನ ಬ್ಯಾಂಡೇಜನ್ನು ಒಂಬತ್ತು ದಿನ ಯಾರೂ ಬದಲಾಯಿಸಿಲ್ಲ. ನಾವಿಬ್ಬರೂ ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದೆವು. ಅಮ್ಮ ಬಾಯಿ ಬಿಡಲಿಲ್ಲ. "ಪಾಪ, ಆ ಹುಡುಗಿಗೂ ಏನೋ ತೊಂದ್ರೆ ಇರುತ್ತೆ, ನಾಳೆ ಬರ್ತಾಳೆ ಬಿಡು" ಎಂದುಕೊಂಡು ಕಾದಿದ್ದಾಳೆ. ಹತ್ತನೇ ದಿನ ವಾಸನೆ ಹಿಡಿದು ಬ್ಯಾಂಡೇಜು ಬಿಚ್ಚಿದವನು ನೀನೇ, ನಿನಗೆ ನಾನು ಹೇಳಬೇಕೆ? ಹೇಳುತ್ತೇನೆ, ಏಕೆಂದರೆ ನೀನು ಮರೆಯಬಾರದು. ವಿಚಾರಣೆಯವರು "ಇದನ್ನ ಬರೆದೋರು ಯಾರು?" ಎಂದರು. "ನನ್ನ ತಮ್ಮ" ಎಂದೆ. ಅವರೇ ನನಗೆ ನೀರು ತರಿಸಿಕೊಟ್ಟರು.

ಆ ಸಾಲನ್ನು ಬರೆದಿದ್ದೆ ಅನಿಸುತ್ತದೆ ಎಂದು ಹೋದ ಪತ್ರದಲ್ಲಿ ಬರೆದಿದ್ದೀಯ. ತಪ್ಪು ಮಾಡಿದವರಿಗೆಲ್ಲ ಹಾಗೇ ಅನಿಸುತ್ತದೆ, ತಮ್ಮಾ. ಒಂದು ಸಾಲು ಬರೆಯಲು ನಿನಗೇನು ದಾಡಿಯಾಗಿತ್ತು? ಚಿಕ್ಕಂದಿನಿಂದಲೂ ನನ್ನ ಹಿಂದೆಯೇ ಸುತ್ತುತ್ತಾ ಅಮ್ಮನಿಂದ "ಬಾಲ" ಎಂದು ಕರೆಸಿಕೊಂಡವನು ನೀನು. ನಾನು ಓದಿದ್ದನ್ನೇ ಓದಿದೆ, ನಾನು ಸೇರಿದ ಕಂಪನಿಗೇ ಸೇರಿದೆ. ಆಫೀಸಿಗೆ ಕೊಡುವ ಮೊದಲು ಪ್ರತಿ ಪುಟವನ್ನೂ ಅಡುಗೆಮನೆಯ ಮೇಜಿನ ಮೇಲೆ ನನಗೆ ತೋರಿಸಿ, "ಅಕ್ಕಾ, ಸರಿಯಾಗಿದ್ಯಾ?" ಎನ್ನುತ್ತಿದ್ದೆ. ಆ ಮೇಜನ್ನು ಈಗ ಅಮ್ಮನ ಕೋಣೆಗೆ ತಂದಿದ್ದೇನೆ, ಅವಳ ಔಷಧಿ ಇಡಲು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವಳು ನಾನು, ಹರಸುವುದಷ್ಟೇ ನನ್ನ ಪಾಲಿನದು. ನಿನಗೆ ಚೆನ್ನಾಗಿ ನಿದ್ದೆ ಬರಲಿ.

ಇಂತಿ,
ನಿನ್ನ ಅಕ್ಕ

ಮತ್ತೊಂದು ಮಾತು: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಕಪಾಟಿನಲ್ಲಿ ಬಿಟ್ಟುಹೋದ ನಿನ್ನ ಲ್ಯಾಪ್‌ಟಾಪನ್ನು ಆಫೀಸಿನವರು ಕೇಳಿದ್ದರು. ಕೊಡುವ ಮೊದಲು ತೆರೆದು ನೋಡಿದೆ. ನಿನ್ನ ಮೊದಲ ಕರಡು ಸಿಕ್ಕಿತು. ಆ ಸಾಲು ಇದೆ. "ದಿನಾಂಕ ಎಂದೂ ಖಾಲಿ ಬಿಡಬಾರದು, ಬಿಟ್ಟರೆ ಎಲ್ಲಾ ಭೇಟಿಗಳೂ ರದ್ದಾಗುತ್ತವೆ." ಪಕ್ಕದಲ್ಲಿ ನನ್ನ ಟಿಪ್ಪಣಿ: "ಉದ್ದವಾಯಿತು, ತೆಗೆದಿದ್ದೇನೆ." ನಿನಗೇ ನೆನಪಾಗಿ ಯಾರ ಹತ್ತಿರವಾದರೂ ಬಾಯಿ ಬಿಡುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಎಲ್ಲವನ್ನೂ ಅಳಿಸಿ ಕೊಟ್ಟಿದ್ದೇನೆ. ಈ ಪತ್ರವನ್ನೂ ಓದಿ ಸುಟ್ಟುಬಿಡು. ನನ್ನ ಕೆಲಸವೂ ಹೋದರೆ ಅಮ್ಮನನ್ನು ನೋಡಿಕೊಳ್ಳುವವರು ಯಾರು? ಇದರ ಜೊತೆ ಒಂದು ಹೇಳಿಕೆ ಇಟ್ಟಿದ್ದೇನೆ, ಆ ಸಾಲನ್ನು ಬರೆಯಲು ಮರೆತೆ ಎಂದು ನೀನು ಒಪ್ಪಿಕೊಂಡ ಹಾಗೆ. ಸಹಿ ಹಾಕಿ ಶುಕ್ರವಾರದೊಳಗೆ ಕಳಿಸು. ದಿನಾಂಕ ಮಾತ್ರ ಖಾಲಿ ಬಿಡು, ನಾನು ತುಂಬಿಕೊಳ್ಳುತ್ತೇನೆ.